ಅಟ್ಟದ ಧೂಳು, ಗುಡ್ಡದ ಉಬ್ಬಸ: ಅಲರ್ಜಿಗೂ ವ್ಯಾಯಾಮದ ಅಸ್ತಮಾಕ್ಕೂ ಏನು ನಂಟು?

ಅಕ್ಟೋಬರ್ ಕೊನೆಯ ಒಂದು ಶನಿವಾರ ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಟ್ಟ ಗುಡಿಸಿದೆ. ಮಳೆಗಾಲ ಪೂರ್ತಿ ಯಾರೂ ಹತ್ತದೇ ಇದ್ದ ಅಟ್ಟ. ಹತ್ತಿ ಹಾಸಿಗೆ, ಎರಡು ಕಂಬಳಿ, ಬಿಳೀ ಬೂಷ್ಟು ಹಿಡಿದ ಒಂದು ಚರ್ಮದ ಬ್ಯಾಗು. ಹತ್ತಿಪ್ಪತ್ತು ಸೀನು ಬಂದವು, ಕಣ್ಣು ತುರಿಸಿತು, ಅಷ್ಟೆ. ಮಾರನೇ ದಿನ ನೆಂಟರ ಮಕ್ಕಳ ಜೊತೆ ಕವಲೇದುರ್ಗ ಹತ್ತಿದೆ.

ಹತ್ತುವಾಗ ಏದುಸಿರು ಬಂತು. ಅದು ಎಲ್ಲರಿಗೂ ಬಂತು. ವಿಚಿತ್ರ ಆಗಿದ್ದು ಆಮೇಲೆ. ಮೇಲೆ ದೇವಸ್ಥಾನದ ಹತ್ತಿರ ಕೂತು ಬುತ್ತಿ ಬಿಚ್ಚುವ ಹೊತ್ತಿಗೆ ಉಳಿದವರ ಉಸಿರು ತಣ್ಣಗಾಗಿತ್ತು, ನನ್ನದು ಶುರುವಾಯಿತು. ಒಣ ಕೆಮ್ಮು. ಎದೆ ಮೇಲೆ ಯಾರೋ ತೊಲೆ ಇಟ್ಟ ಹಾಗೆ. ಉಸಿರು ಬಿಡುವಾಗ ಸಣ್ಣ ಸಿಳ್ಳೆ. ಸರಿ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಚಿತ್ರಾನ್ನ ಬೇರೆಯವರ ಪಾಲಾಯಿತು.

‘ವಯಸ್ಸಾಯ್ತು ಮಾರಾಯ್ರೆ’ ಎಂದರು ಜೊತೆಗಿದ್ದವರು. ನನಗೂ ಹೌದೆನಿಸಿತು. ನಲವತ್ತು ದಾಟಿದೆ, ಹೊಟ್ಟೆ ಬಂದಿದೆ. ಒಂದು ಕ್ಲಿನಿಕ್ಕಿನಲ್ಲಿ ಕೆಮ್ಮಿನ ಸಿರಪ್ಪು, ಆಂಟಿಬಯಾಟಿಕ್ ಬರೆದುಕೊಟ್ಟರು. ಎರಡೂ ಮುಗಿದವು, ಮುಂದಿನ ಗುಡ್ಡದಲ್ಲಿ ಕೆಮ್ಮು ಮತ್ತೆ ಬಂತು. ಶನಿವಾರದ ಅಟ್ಟಕ್ಕೂ ಭಾನುವಾರದ ಕೋಟೆಗೂ ಸಂಬಂಧ ಇದೆ ಎಂದು ತಿಳಿಯಲು ಇನ್ನೊಂದು ವರ್ಷ ಬೇಕಾಯಿತು.

ಈಗ ಬೆಳಗ್ಗೆ ಐದೂವರೆಗೆ ಶಿವಮೊಗ್ಗದ ನೆಹರು ಕ್ರೀಡಾಂಗಣದ ಕಡೆ ಹೋದರೆ, ಮಫ್ಲರ್ ಸುತ್ತಿಕೊಂಡು ಓಡುವ ನಡುವಯಸ್ಸಿನವರು ಬೇಕಾದಷ್ಟು ಸಿಗುತ್ತಾರೆ. ಮಳೆ ನಿಂತ ಮೇಲೆ ವಾರಕ್ಕೊಂದು ಚಾರಣ ಬೇರೆ. ಓಡಿ ಬಂದು ಕಟ್ಟೆಯ ಮೇಲೆ ಕೂತು ಕೆಮ್ಮುವವರೂ ಅಲ್ಲೇ ಕಾಣುತ್ತಾರೆ. ಅವರಲ್ಲಿ ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲಿ ಅಸ್ತಮಾ ಇರಲಿಲ್ಲ. ಹಾಗಾದರೆ ಇದು ಏನು?

ಏದುಸಿರು ಬೇರೆ, ಉಬ್ಬಸ ಬೇರೆ

ಏದುಸಿರು ಎಂದರೆ ಮೈಗೆ ಆಮ್ಲಜನಕ ಜಾಸ್ತಿ ಬೇಕಾಗಿ ಉಸಿರಾಟ ಜೋರಾಗುವುದು. ದಾರಿ ಚೆನ್ನಾಗಿಯೇ ಇದೆ, ಓಡಾಟ ಮಾತ್ರ ಹೆಚ್ಚಾಗಿದೆ. ನಿಂತು ಎರಡು ಮೂರು ನಿಮಿಷ ಸುಧಾರಿಸಿಕೊಂಡರೆ ಕಡಿಮೆಯಾಗುತ್ತದೆ.

ಉಬ್ಬಸ, ಅಂದರೆ ಅಸ್ತಮಾ, ದಾರಿಯೇ ಸಣ್ಣದಾಗುವ ತೊಂದರೆ. ಗಾಳಿ ಹೋಗುವ ಕೊಳವೆಗಳ ಸುತ್ತ ಇರುವ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಲೋಳೆ ಕಟ್ಟುತ್ತದೆ. ಕೊಳವೆ ಸ್ವಲ್ಪ ಕಿರಿದಾದರೂ ಪರಿಣಾಮ ದೊಡ್ಡದು. ತೋಟದ ಪೈಪಿನ ಲೆಕ್ಕ ನೋಡಿ: ನೀರು ನಿಧಾನಕ್ಕೆ ಹರಿಯುವ ಕೊಳವೆಯ ಅಗಲ ಅರ್ಧ ಆದರೆ ಅಡೆತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಶ್ವಾಸನಾಳದ ಗಾಳಿ ಇಷ್ಟು ಅಚ್ಚುಕಟ್ಟಾಗಿ ಹರಿಯುವುದಿಲ್ಲ, ಆದರೂ ಅಂದಾಜು ಸಿಕ್ಕಿತು ಅಲ್ವಾ?

ಈ ಬಿಗಿತ ವ್ಯಾಯಾಮದಿಂದ ಕಾಣಿಸಿಕೊಂಡರೆ ಅದಕ್ಕೆ ವ್ಯಾಯಾಮದ ಅಸ್ತಮಾ ಎಂದು ಹೆಸರು. ಅದರ ಮೊದಲ ಸುಳಿವು ಗಡಿಯಾರದಲ್ಲೇ ಸಿಗುತ್ತದೆ. ಬಿಗಿತ ಸಾಮಾನ್ಯವಾಗಿ ಓಟ ನಿಂತ ಮೇಲೆ 5ರಿಂದ 15 ನಿಮಿಷದೊಳಗೆ ತುತ್ತತುದಿಗೆ ಹೋಗುತ್ತದೆ, ಮುಂದಿನ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಓಡುವಾಗ ಮೈಯಲ್ಲಿ ಅಡ್ರಿನಲಿನ್ ಏರಿರುತ್ತದೆ, ಆಳವಾದ ಉಸಿರು ಕೊಳವೆಗಳನ್ನು ಎಳೆದು ಅಗಲ ಹಿಡಿದಿರುತ್ತದೆ. ಕೂತ ಕೂಡಲೇ ಆ ಎರಡೂ ಆಸರೆ ಹೋಗುತ್ತವೆ. ಬುತ್ತಿ ಬಿಚ್ಚುವ ಹೊತ್ತಿಗೇ ನನಗೆ ಕೆಮ್ಮು ಬಂದದ್ದು ಇದಕ್ಕೆ.

ಇದೇನು ಈ ಕಾಲದ ಕಾಯಿಲೆ ಅಲ್ಲ. ಈಗ ಟರ್ಕಿಗೆ ಸೇರಿದ ಕಪಡೋಸಿಯಾದಲ್ಲಿ ಸುಮಾರು 1,900 ವರ್ಷದ ಹಿಂದೆ ಇದ್ದ ಅರೆಟಿಯಸ್ ಎಂಬ ವೈದ್ಯ, ಓಟದಿಂದಲೋ ಕಸರತ್ತಿನಿಂದಲೋ ಉಸಿರು ಕಷ್ಟವಾಗುವುದನ್ನೇ ಅಸ್ತಮಾ ಎಂದು ಬರೆದಿಟ್ಟಿದ್ದಾನೆ.

ಮಂಜಿನ ಗಾಳಿ ಒಣಗಾಳಿ ಹೇಗಾಯಿತು?

ಓಡಿದರೆ ಕೊಳವೆ ಯಾಕೆ ಬಿಗಿಯಬೇಕು? ಉತ್ತರ ಇರುವುದು ನೀರಿನಲ್ಲಿ.

ಶ್ವಾಸಕೋಶಕ್ಕೆ ಹೊರಗಿನ ಗಾಳಿ ಹಾಗೆಯೇ ಬಂದರೆ ಆಗುವುದಿಲ್ಲ. ಅದು ಮೈಯ ಬಿಸಿಗೆ ಬರಬೇಕು, ಪೂರ್ತಿ ತೇವ ಆಗಬೇಕು. 37 ಡಿಗ್ರಿಯ ಪೂರ್ತಿ ತೇವದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 44 ಗ್ರಾಂ ನೀರಿನ ಆವಿ ಇರುತ್ತದೆ. ಈಗ ಡಿಸೆಂಬರಿನ ಬೆಳಗ್ಗೆ ನೆನೆಸಿಕೊಳ್ಳಿ. 14 ಡಿಗ್ರಿ, ಎದುರಿನ ಮನೆ ಕಾಣದಷ್ಟು ಇಬ್ಬನಿ. ನೋಡಲು ಗಾಳಿಯಿಂದ ನೀರು ಹಿಂಡಬಹುದು ಅನ್ನಿಸುತ್ತದೆ. ಆದರೆ 14 ಡಿಗ್ರಿಯ ಗಾಳಿ ಹಿಡಿಯಬಲ್ಲ ಆವಿ ಬರೀ 12 ಗ್ರಾಂ. ಇಬ್ಬನಿಯ ಹನಿಗಳನ್ನು ಸೇರಿಸಿದರೂ ಆ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಉಳಿದ 32 ಗ್ರಾಂ ಎಲ್ಲಿಂದ ಬರಬೇಕು? ನಮ್ಮ ಮೂಗು, ಗಂಟಲು, ಶ್ವಾಸನಾಳದ ಒಳಗೋಡೆಯಿಂದಲೇ.

ಸುಮ್ನೆ ಕೂತಿರುವಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಒಂದು ಘನ ಮೀಟರ್, ಅಂದರೆ 1,000 ಲೀಟರ್ ಒಳಗೆ ಹೋಗಲು ಎರಡು ಗಂಟೆಗೂ ಜಾಸ್ತಿ ಬೇಕು. ಗುಡ್ಡ ಹತ್ತುವಾಗ ನಿಮಿಷಕ್ಕೆ 50 ಲೀಟರ್ ಎಂದಿಟ್ಟುಕೊಂಡರೆ ಅಷ್ಟೇ ಗಾಳಿ 20 ನಿಮಿಷದಲ್ಲಿ ಒಳಗೆ ಹೋಗುತ್ತದೆ. ಪಳಗಿದ ಓಟಗಾರರು ನಿಮಿಷಕ್ಕೆ 100 ಲೀಟರ್ ದಾಟುತ್ತಾರೆ, ಅವರಿಗೆ ಹತ್ತೇ ನಿಮಿಷ ಸಾಕು. ಎರಡು ದೊಡ್ಡ ಚಮಚದಷ್ಟು ನೀರನ್ನು ಅಷ್ಟು ಹೊತ್ತಿನಲ್ಲಿ ಗಾಳಿಗೆ ಕೊಡಬೇಕು. ಉಸಿರು ಬಿಡುವಾಗ ಒಂದು ಪಾಲು ವಾಪಸ್ ಸಿಗುತ್ತದೆ, ನಿಜ. ಆದರೆ ಶ್ವಾಸನಾಳದ ಗೋಡೆಯ ಮೇಲಿನ ನೀರಿನ ಪದರ ಕೂದಲಿಗಿಂತ ತೆಳು. ಖರ್ಚಾದಷ್ಟು ಬೇಗ ಅದು ತುಂಬಿಕೊಳ್ಳುವುದಿಲ್ಲ.

ನೀರು ಹೋದಂತೆ ಉಳಿದದ್ದರಲ್ಲಿ ಉಪ್ಪಿನ ಅಂಶ ಗಟ್ಟಿಯಾಗುತ್ತದೆ. ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮಿಡಿಯ ಒಳಗಿನ ನೀರು ಹೊರಗೆ ಬರುತ್ತದೆ, ಮಿಡಿ ಚಿರುಟುತ್ತದೆ. ಶ್ವಾಸನಾಳದ ಜೀವಕೋಶಗಳಿಗೂ ಆಗುವುದು ಇದೇ. ಚಿರುಟಿದ ಕೋಶಗಳು ಸುಮ್ಮನಿರುವುದಿಲ್ಲ. ಅವುಗಳ ಮಧ್ಯೆ ಕೂತ ಕೆಲವು ಕಾವಲು ಕೋಶಗಳು ಗಾಬರಿ ಬಿದ್ದು ತಮ್ಮ ಸಂಚಿ ಬಿಚ್ಚುತ್ತವೆ. ಅಲರ್ಜಿ ಕಥೆಯೊಳಗೆ ಬರುವುದು ಇಲ್ಲಿಂದಲೇ.

ಹಂದಿಗೆ ಕಟ್ಟಿದ ಡಬ್ಬ

ಅಲರ್ಜಿ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟುಹಾಕಿದರು. ಅಪಾಯವಿಲ್ಲದ ವಸ್ತುವನ್ನು ನಮ್ಮ ರೋಗ ತಡೆಯುವ ವ್ಯವಸ್ಥೆ ಶತ್ರು ಎಂದು ಬಗೆದು ಕೂಗಾಡುವುದಕ್ಕೆ ಈಗ ಆ ಹೆಸರು. ಧೂಳು, ಪರಾಗ, ಬೂಷ್ಟಿನ ಕಣ ಎಲ್ಲರ ಮೂಗಿಗೂ ಹೋಗುತ್ತವೆ. ಕೆಲವರ ಮೈ ಮಾತ್ರ ಅದರ ಮೇಲೆ ಹಟ ಹಿಡಿದು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ.

ಕಾವಲು ಕೋಶ ಎಂದೆನಲ್ಲ, ಅವುಗಳಿಗೆ ಮಾಸ್ಟ್ ಕೋಶ ಎಂದು ಹೆಸರು. ಗದ್ದೆಗೆ ಹಂದಿ ಬಾರದಿರಲಿ ಎಂದು ಸುತ್ತ ದಾರ ಕಟ್ಟಿ ಖಾಲಿ ಡಬ್ಬ ನೇತು ಹಾಕುತ್ತಾರೆ, ನೋಡಿದ್ದೀರಿ. ದಾರ ತಗುಲಿದರೆ ಡಬ್ಬ ಗಲಗಲ ಎನ್ನುತ್ತದೆ. ಮಾಸ್ಟ್ ಕೋಶ ಆ ಡಬ್ಬ. ಅದಕ್ಕೆ ಅಂಟಿಕೊಂಡ ಐಜಿಇ ದಾರ. ಅಲರ್ಜಿ ಇರುವವರ ಮೈಯಲ್ಲಿ ಈ ದಾರಗಳು ಜಾಸ್ತಿ, ಅದೂ ಹಂದಿಗಲ್ಲ, ಅಳಿಲಿಗೆ ಕಟ್ಟಿದವು. ಧೂಳಿನ ಕಣ ಬಂದು ದಾರ ಎಳೆದ ಕೂಡಲೇ ಡಬ್ಬದಿಂದ ಹಿಸ್ಟಮಿನ್, ಲ್ಯೂಕೋಟ್ರೈನ್ ಮುಂತಾದ ರಾಸಾಯನಿಕಗಳು ಚೆಲ್ಲುತ್ತವೆ. ಮೂಗಿನಲ್ಲಿ ಚೆಲ್ಲಿದರೆ ಸೀನು, ನೀರು. ಎದೆಯಲ್ಲಿ ಚೆಲ್ಲಿದರೆ ಕೊಳವೆ ಬಿಗಿಯುತ್ತದೆ.

ಈ ಡಬ್ಬ ಅಲುಗಲು ಅಳಿಲೇ ಬೇಕೆಂದಿಲ್ಲ. ಜೋರು ಗಾಳಿ ಬೀಸಿದರೂ ಸಾಕು. ಓಟದಿಂದ ಕೊಳವೆ ಒಣಗುವುದು ಆ ಗಾಳಿ. ಎರಡು ಬೇರೆ ಬೇರೆ ಕಾರಣ, ಸದ್ದು ಮಾಡುವುದು ಅದೇ ಡಬ್ಬ. ಅಲರ್ಜಿಗೂ ವ್ಯಾಯಾಮದ ಅಸ್ತಮಾಕ್ಕೂ ಇರುವ ಮುಖ್ಯ ನಂಟು ಇದು.

ಶನಿವಾರ ಗುಡಿಸಿದ್ದು, ಭಾನುವಾರ ಕೆಮ್ಮಿದ್ದು

ಅಲರ್ಜಿಯ ಕೂಗಾಟ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲ ಸೀನು ನಿಮಿಷಗಳಲ್ಲಿ ಬರುತ್ತದೆ. ಎರಡನೇ ಅಲೆ 4ರಿಂದ 8 ಗಂಟೆ ಬಿಟ್ಟು, ಸದ್ದಿಲ್ಲದೆ ಬರುತ್ತದೆ. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳದ ಗೋಡೆಗೆ ಬಂದು ಸೇರುತ್ತವೆ, ಗೋಡೆ ಊದುತ್ತದೆ. ಆಮೇಲೆ ಕೆಲವು ದಿನ, ಕೆಲವರಿಗೆ ವಾರಗಟ್ಟಲೆ, ಆ ಕೊಳವೆಗಳು ಮುಟ್ಟಿದರೆ ಮುನಿಯುವ ಸ್ಥಿತಿಯಲ್ಲಿರುತ್ತವೆ. ಮಾಮೂಲಿ ದಿನ ಏನೂ ಮಾಡದ ಅದೇ ಗುಡ್ಡ, ಅದೇ ವೇಗ, ಆ ವಾರ ಉಬ್ಬಸ ತರುತ್ತದೆ.

ಹೀಗಾಗಿ ‘ಹೋದ ತಿಂಗಳು ಇದೇ ಗುಡ್ಡ ಆರಾಮಾಗಿ ಹತ್ತಿದ್ದೆ, ಈಗೇನಾಯ್ತು’ ಎಂದು ಜನ ತಲೆ ಕೆಡಿಸಿಕೊಳ್ಳುವುದು. ಗುಡ್ಡವನ್ನೇ ನೋಡುತ್ತಾ ಕೂತರೆ ಇದಕ್ಕೆ ಉತ್ತರ ಸಿಗದು. ಹಿಂದಿನ ಮೂರು ನಾಲ್ಕು ದಿನ ಎಲ್ಲಿದ್ದಿರಿ, ಯಾವ ಹಾಸಿಗೆಯಲ್ಲಿ ಮಲಗಿದ್ದಿರಿ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ನಂಟು ಮೂಗಿನದು. ಗಾಳಿಯನ್ನು ಬಿಸಿ ಮಾಡಿ, ತೇವ ಮಾಡಿ, ಧೂಳು ಸೋಸಿ ಒಳಗೆ ಕಳಿಸುವ ಯಂತ್ರ ಮೂಗು. ಜೋರು ವ್ಯಾಯಾಮದಲ್ಲಿ ಯಾರೇ ಆಗಲಿ ಬಾಯಲ್ಲಿ ಉಸಿರಾಡುತ್ತಾರೆ. ಆದರೆ ಅಲರ್ಜಿಯಿಂದ ಮೂಗು ಕಟ್ಟಿದವರು ಮೊದಲ ಹೆಜ್ಜೆಯಿಂದಲೇ ಬಾಯಿ ತೆರೆಯುತ್ತಾರೆ. ತಣ್ಣನೆ, ಒಣ, ಸೋಸದ ಗಾಳಿ ನೇರ ಎದೆಗೆ. ಸಾಲದ್ದಕ್ಕೆ ಅದರ ಜೊತೆ ಅಲರ್ಜಿಯ ಕಣಗಳೂ ನಿಮಿಷಕ್ಕೆ 50 ಲೀಟರಿನ ಲೆಕ್ಕದಲ್ಲಿ ಒಳಗೆ ಹೋಗುತ್ತವೆ. ಅಸ್ತಮಾ ಇರುವವರಲ್ಲಿ ಬಹುಪಾಲು ಜನಕ್ಕೆ ಮೂಗಿನ ಅಲರ್ಜಿ ಇರುತ್ತದೆ. ಮೂಗಿನ ಅಲರ್ಜಿ ಇರುವ ನೂರು ಜನರಲ್ಲಿ 10ರಿಂದ 40 ಜನಕ್ಕೆ ಅಸ್ತಮಾವೂ ಇರುತ್ತದೆ ಎನ್ನುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ‘ನನಗೆ ಬರೀ ನೆಗಡಿ’ ಎನ್ನುವವರು ಈ ಅಂಕಿ ಒಮ್ಮೆ ನೋಡಿಕೊಳ್ಳಬೇಕು.

ಅಲರ್ಜಿ ಇಲ್ಲದವರಿಗೂ ವ್ಯಾಯಾಮದ ಬಿಗಿತ ಬರಬಹುದು. ವರ್ಷಗಟ್ಟಲೆ ಚಳಿಯಲ್ಲಿ ಅಥವಾ ಕ್ಲೋರಿನ್ ಕೊಳದಲ್ಲಿ ತಾಲೀಮು ಮಾಡುವ ಕ್ರೀಡಾಪಟುಗಳಲ್ಲಿ ಅದು ಕಾಣುತ್ತದೆ. ನಮ್ಮ ನಿಮ್ಮಂಥವರಲ್ಲಿ ಮೊದಲು ಹುಡುಕಬೇಕಾದದ್ದು ಅಲರ್ಜಿಯನ್ನೇ.

ಮಲೆನಾಡಿನ ಗಾಳಿಯಲ್ಲಿ ಏನಿದೆ?

‘ಇಲ್ಲಿ ಒಳ್ಳೇ ಗಾಳಿ ಅಲ್ವಾ, ಅಲರ್ಜಿ ಹೇಗೆ ಬರುತ್ತೆ?’ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಹೊರಗಿನ ಗಾಳಿ ಒಳ್ಳೆಯದೇ. ತೊಂದರೆ ಜಾಸ್ತಿ ಇರುವುದು ಮನೆಯೊಳಗೆ.

ಮೊದಲನೆಯದು ಧೂಳಿನ ನುಸಿ. ತೆಂಗಿನಕಾಯಿ ಕೆಡಿಸುವ ನುಸಿಯ ದೂರದ ನೆಂಟ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದೊಡ್ಡದು, ಬರಿಗಣ್ಣಿಗೆ ಕಾಣುವುದಿಲ್ಲ ಎನ್ನಬಹುದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಊಟ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಬಹಳ ದಿನ ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಸಾಯುವ ಭಯವೇ ಇಲ್ಲ! ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಹತ್ತಿ ಹಾಸಿಗೆ, ದಿಂಬು, ಕಂಬಳಿ ಕೊಡವಿದಾಗ ಏಳುವ ಧೂಳಿನಲ್ಲಿ ಇರುವುದು ಅದು.

ಎರಡನೆಯದು ಬೂಷ್ಟು. ಜುಲೈನಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕದ ಬೆನ್ನು, ಮರದ ಕಪಾಟಿನ ಹಿಂಬದಿ ಎಲ್ಲದರ ಮೇಲೂ ಅದರ ನೆರಳು. ಒಮ್ಮೆ ನನ್ನ ಓಟದ ಶೂವನ್ನು ಎರಡು ತಿಂಗಳು ಬಿಟ್ಟು ತೆಗೆದೆ. ಒಳಗೆ ಹಸಿರು ಮಖಮಲ್ಲು ಹಾಸಿದ ಹಾಗಿತ್ತು. ಬೂಷ್ಟಿನ ಕಣ ಮನೆಯೊಳಗೆ ಮಾತ್ರವಲ್ಲ. ಕೊಟ್ಟಿಗೆಗೆ ಗುಡಿಸಿ ತರುವ ದರಕಿನಲ್ಲಿ (ಒಣ ತರಗೆಲೆ), ಮಳೆ ತಾಗಿದ ಹುಲ್ಲಿನ ಬಣವೆಯಲ್ಲಿ, ಕೊಳೆಯುವ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಬೇಕಾದಷ್ಟು ಇರುತ್ತದೆ. ಬಣವೆ ಎಳೆದ ದಿನ ಸಂಜೆ ಎದೆ ಗೊರಗುಟ್ಟುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಮಾಮೂಲಿ.

ಬಯಲಿನ ಕಡೆ, ಶಿವಮೊಗ್ಗ ಪೇಟೆಯ ಖಾಲಿ ಸೈಟುಗಳಲ್ಲಿ, ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಇದೆ. ಅದರ ಪರಾಗ ಮೂಗಿನ ಅಲರ್ಜಿಗೆ ಹೆಸರುವಾಸಿ. ಜಿರಲೆ, ಬೆಕ್ಕು, ನಾಯಿ ಎಲ್ಲ ಊರಿನಲ್ಲೂ ಇರುವಂಥವು.

ಹೊಗೆ ಮಾತ್ರ ಬೇರೆ ಜಾತಿ. ಬಚ್ಚಲೊಲೆ, ತರಗೆಲೆ ಸುಡುವ ಬೆಂಕಿ, ಊದುಬತ್ತಿ ಇವು ಅಲರ್ಜಿ ತರುವುದಿಲ್ಲ, ಕೆರಳಿಸುತ್ತವೆ. ಐಜಿಇ ದಾರ ಬೇಕಿಲ್ಲದೆ ನೇರ ಡಬ್ಬಕ್ಕೇ ಕಲ್ಲು ಹೊಡೆದ ಹಾಗೆ. ಚಳಿಗಾಲದ ಬೆಳಗ್ಗೆ ಹೊಗೆ ನೆಲದ ಹತ್ತಿರವೇ ನಿಂತಿರುತ್ತದೆ. ನಾವು ಓಡಲು ಹೋಗುವುದೂ ಅದೇ ಹೊತ್ತಿಗೆ!

ನಲವತ್ತಕ್ಕೆ ಯಾಕೆ ಬಂತು?

ಅಲರ್ಜಿ ಮಕ್ಕಳದ್ದೇ ಸೊತ್ತಲ್ಲ. ಐಜಿಇ ದಾರ ಕಟ್ಟಲು ಮೈಗೆ ಕಾಲ ಬೇಕು, ಕೆಲವರಿಗೆ ವರ್ಷಗಳೇ ಬೇಕು. ಊರು ಬಿಟ್ಟು ಇಪ್ಪತ್ತು ವರ್ಷ ಒಣ ಊರಿನಲ್ಲಿದ್ದು ವಾಪಸ್ ಬಂದವರಿಗೆ ಎರಡು ಮಳೆಗಾಲ ಕಳೆದ ಮೇಲೆ ಸೀನು ಶುರುವಾಗಬಹುದು. ಹಿಟ್ಟಿನ ಗಿರಣಿ, ಮರಗೆಲಸದ ಧೂಳು ಕೆಲಸಕ್ಕೆ ಸೇರಿ ಎಷ್ಟೋ ದಿನದ ಮೇಲೆ ತೊಂದರೆ ಕೊಡಬಹುದು. ದೊಡ್ಡವರಾದ ಮೇಲೆ ಹೊಸದಾಗಿ ಬರುವ ಅಸ್ತಮಾ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಮೈತೂಕವೂ ಒಂದು ಕಾರಣ.

ಎಷ್ಟೋ ಜನರಲ್ಲಿ ಅದು ಮೊದಲೇ ಇರುತ್ತದೆ, ಪರೀಕ್ಷೆಗೆ ಕೂತಿರುವುದಿಲ್ಲ ಅಷ್ಟೆ. ಹದಿನೈದು ವರ್ಷ ಕುರ್ಚಿ ಬಿಡದವರಿಗೆ ನಿಮಿಷಕ್ಕೆ 50 ಲೀಟರ್ ಗಾಳಿ ಎಳೆಯುವ ಪ್ರಸಂಗವೇ ಬಂದಿರುವುದಿಲ್ಲ. ಡಾಕ್ಟರು ಶುಗರ್ ನೋಡಿ ‘ಓಡಿ’ ಎಂದ ದಿನ ಗೊತ್ತಾಗುತ್ತದೆ.

ಪತ್ತೆ ಹಚ್ಚುವುದು

ಓಡಿದ ಮೇಲೆ ದಮ್ಮು ಕಟ್ಟಿದ್ದೆಲ್ಲ ಅಸ್ತಮಾ ಅಲ್ಲ. ನಲವತ್ತು ದಾಟಿದವರಿಗೆ ನಡೆಯುವಾಗಲೇ ಎದೆ ನೋವು, ಭಾರ, ಬೆವರು, ಎಡಗೈ ಸೆಳೆತ ಬಂದರೆ ಮೊದಲು ನೋಡಿಸಬೇಕಾದದ್ದು ಹೃದಯ. ರಕ್ತಹೀನತೆಯಲ್ಲೂ ಉಸಿರು ಸಾಲದು. ಓಟದ ಮಧ್ಯದಲ್ಲೇ ಗಂಟಲು ಹಿಸುಕಿದಂತಾಗಿ, ಉಸಿರು ಎಳೆದುಕೊಳ್ಳುವಾಗ ಸದ್ದು ಬಂದು, ನಿಂತ ಕೂಡಲೇ ಸರಿ ಹೋದರೆ ಅದು ಧ್ವನಿಪೆಟ್ಟಿಗೆಯ ತೊಂದರೆ ಇರಬಹುದು. ಅಸ್ತಮಾದ ಸಿಳ್ಳೆ ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ.

ಮುಖ್ಯ ಪರೀಕ್ಷೆ ಸ್ಪೈರೋಮೆಟ್ರಿ. ಕೊಳವೆಗೆ ಬಾಯಿಟ್ಟು ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಯಂತ್ರ ಅಳೆಯುತ್ತದೆ. ವ್ಯಾಯಾಮದ ಅಸ್ತಮಾ ಮಾತ್ರ ಇರುವವರಿಗೆ ಕೂತು ಊದಿದಾಗ ರಿಪೋರ್ಟ್ ನಾರ್ಮಲ್ ಬರಬಹುದು. ಆದ್ದರಿಂದ ‘ಓಡಿದ ಮೇಲೆ ಆಗುತ್ತದೆ’ ಎಂದು ಬಾಯಿಬಿಟ್ಟು ಹೇಳಬೇಕು. ಟ್ರೆಡ್‌ಮಿಲ್ ಮೇಲೆ 6ರಿಂದ 8 ನಿಮಿಷ ಜೋರಾಗಿ ಓಡಿಸಿ, ಆಮೇಲೆ ಅರ್ಧ ಗಂಟೆ ಬಿಟ್ಟು ಬಿಟ್ಟು ಊದಿಸುತ್ತಾರೆ. ಆ ಅಳತೆ ಶೇಕಡಾ 10 ಅಥವಾ ಹೆಚ್ಚು ಕುಸಿದರೆ ಕೊಳವೆ ಬಿಗಿದಿದೆ ಎಂದರ್ಥ.

ಮನೆಯಲ್ಲೇ ಇಟ್ಟುಕೊಳ್ಳಲು, ಎಷ್ಟು ಜೋರಾಗಿ ಊದಬಲ್ಲಿರಿ ಎಂದು ಅಂಕಿಯಲ್ಲಿ ತೋರಿಸುವ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಸ್ಪೈರೋಮೆಟ್ರಿಯಷ್ಟು ನಿಖರ ಅಲ್ಲ, ಆದರೂ ಬಹಳ ಉಪಯೋಗ. ನಾನು ಒಂದು ಸೀಸನ್ ಪೂರ್ತಿ ಬರೆದಿಟ್ಟೆ. ಮಾಮೂಲಿ ದಿನ ಓಟಕ್ಕೆ ಮೊದಲು 430, ಮುಗಿದು ಹತ್ತು ನಿಮಿಷಕ್ಕೆ 410. ಹಳೇ ಮನೆಯಲ್ಲಿ ಎರಡು ರಾತ್ರಿ ಮಲಗಿ ಬಂದ ವಾರ 420 ಇದ್ದದ್ದು 330ಕ್ಕೆ ಇಳಿಯಿತು. ಆ ಪುಸ್ತಕ ನೋಡಿದ ಮೇಲೆ ಡಾಕ್ಟರು ಹೆಚ್ಚು ಪ್ರಶ್ನೆ ಕೇಳಲಿಲ್ಲ.

ಅಲರ್ಜಿ ಯಾವುದಕ್ಕೆ ಎಂದು ತಿಳಿಯಲು ಚರ್ಮದ ಪರೀಕ್ಷೆ ಇದೆ. ಮುಂಗೈ ಮೇಲೆ ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ, 15–20 ನಿಮಿಷದಲ್ಲಿ ದದ್ದು ಎದ್ದರೆ ಆ ವಸ್ತುವಿಗೆ ಮೈ ದಾರ ಕಟ್ಟಿದೆ ಎಂದು ತಿಳಿಯುತ್ತದೆ. ದದ್ದು ಎದ್ದ ಮಾತ್ರಕ್ಕೆ ಕಾಯಿಲೆ ಅದರಿಂದಲೇ ಎಂದಲ್ಲ, ದಿನಚರಿಯ ಜೊತೆ ತಾಳೆ ನೋಡಬೇಕು. ಸೀನಿನ ಮಾತ್ರೆಯನ್ನು ಪರೀಕ್ಷೆಗೆ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಪಂಪ್ ಅಭ್ಯಾಸ ಆಗಿಬಿಡುತ್ತದಾ?

ನಮ್ಮ ಕಡೆ ಇನ್ಹೇಲರ್‌ಗೆ ಪಂಪ್ ಎಂದೇ ಹೆಸರು, ಅದರ ಮೇಲೆ ಇರುವಷ್ಟು ಅನುಮಾನ ಬೇರೆ ಯಾವ ಔಷಧದ ಮೇಲೂ ಇಲ್ಲ. ಮಾತ್ರೆ ಹಗುರ, ಪಂಪ್ ಸ್ಟ್ರಾಂಗ್ ಎನ್ನುವ ನಂಬಿಕೆ. ಲೆಕ್ಕ ಉಲ್ಟಾ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ ಬರುತ್ತದೆ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆ ನುಂಗಿದರೆ 40 ಒತ್ತಿನಷ್ಟು ಔಷಧ ಮೈಯೆಲ್ಲ ಸುತ್ತುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದಕ್ಕೇ.

ಪಂಪುಗಳಲ್ಲಿ ಎರಡು ಬಗೆ. ಒಂದು ಬಿಗಿದ ಸ್ನಾಯುವನ್ನು ಬೇಗ ಸಡಿಲಿಸುತ್ತದೆ. ವ್ಯಾಯಾಮಕ್ಕೆ 10–15 ನಿಮಿಷ ಮೊದಲು ತೆಗೆದುಕೊಂಡರೆ ಎರಡು ಮೂರು ಗಂಟೆ ರಕ್ಷಣೆ ಸಿಗುತ್ತದೆ. ಇನ್ನೊಂದು ಊತವನ್ನು ಇಳಿಸುವ ಸ್ಟಿರಾಯ್ಡ್. ಡಬ್ಬಗಳ ಸಂಖ್ಯೆಯನ್ನೇ ಕಡಿಮೆ ಮಾಡುತ್ತದೆ ಎನ್ನಿ, ಆದರೆ ವಾರಗಳು ಬೇಕು. ಸಡಿಲಿಸುವ ಪಂಪನ್ನೇ ದಿನವೂ ಬಳಸಿದರೆ ಅದರ ರಕ್ಷಣೆ ಕುಗ್ಗುತ್ತಾ ಬರುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. 2019ರಿಂದ ಅಸ್ತಮಾದ ಅಂತಾರಾಷ್ಟ್ರೀಯ ಮಾರ್ಗಸೂಚಿ ‘ಜಿನಾ’, ದೊಡ್ಡವರಿಗೆ ಬರೀ ಸಡಿಲಿಸುವ ಪಂಪ್ ಮಾತ್ರ ಕೊಡಬೇಡಿ ಎನ್ನುತ್ತಿದೆ. ಊತ ಇಳಿಸುವ ಬುಡೆಸೊನೈಡ್, ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಪಂಪನ್ನು ಬೇಕಾದಾಗ, ವ್ಯಾಯಾಮಕ್ಕೆ ಮೊದಲು ಕೂಡ, ಬಳಸುವ ಕ್ರಮ ಈಗ ಇದೆ. ಯಾರಿಗೆ ಯಾವುದು ಎನ್ನುವುದು ಡಾಕ್ಟರ ತೀರ್ಮಾನ.

ಮಾಂಟೆಲುಕಾಸ್ಟ್ ಎಂಬ ಮಾತ್ರೆ ಲ್ಯೂಕೋಟ್ರೈನನ್ನು ತಡೆಯುತ್ತದೆ, ಅಲರ್ಜಿಗೂ ಓಟದ ಉಬ್ಬಸಕ್ಕೂ ಕೆಲವರಿಗೆ ಕೆಲಸ ಮಾಡುತ್ತದೆ. ಆದರೆ ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು ಮುಂತಾದ ಅಡ್ಡಪರಿಣಾಮದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಗಟ್ಟಿ ಎಚ್ಚರಿಕೆ ಹಾಕಿದೆ. ಪಕ್ಕದ ಮನೆಯವರ ಚೀಟಿ ನೋಡಿ ತರುವ ಮಾತ್ರೆ ಇದಲ್ಲ. ಸೀನಿಗೆ ನುಂಗುವ ಸೆಟ್ರಿಜಿನ್ ಥರದ ಮಾತ್ರೆ ಮೂಗಿಗೆ ಸರಿ, ಓಟದ ಉಬ್ಬಸಕ್ಕೆ ಅದರ ಸಹಾಯ ಕಡಿಮೆ. ಮೂಗಿನ ಸ್ಟಿರಾಯ್ಡ್ ಸ್ಪ್ರೇಯನ್ನು ಡಾಕ್ಟರು ಹೇಳಿದಷ್ಟು ದಿನ ಬಿಡದೆ ಹಾಕಿದರೆ ಮೂಗು ತೆರೆಯುತ್ತದೆ, ಓಡುವಾಗಲೂ ಅದರ ಲಾಭ ಸಿಗುತ್ತದೆ.

ಇನ್ನು ಕಷಾಯ. ಕಾಳುಮೆಣಸು, ಶುಂಠಿಯ ಕಷಾಯ ನನಗೂ ಇಷ್ಟ, ಗಂಟಲಿಗೆ ಹಿತ. ಬಿಗಿದ ಶ್ವಾಸನಾಳವನ್ನು ಅದು ಬಿಡಿಸುವುದಿಲ್ಲ.

ಓಡುವುದು ಬಿಡಬೇಕಾ?

ಬೇಡ. ಬ್ರಿಟನ್ನಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್‌ಗೆ ವ್ಯಾಯಾಮದ ಅಸ್ತಮಾ ಇತ್ತು. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮಾಡಿದರು. 1984ರ ಒಲಿಂಪಿಕ್ಸ್‌ಗೆ ಹೋದ ಅಮೆರಿಕ ತಂಡದ 597 ಜನರಲ್ಲಿ 67 ಜನಕ್ಕೆ ಈ ತೊಂದರೆ ಇತ್ತು, ಅವರು ಗೆದ್ದ ಪದಕ 41. ಪಳಗಿದ ಮೈ ಅದೇ ಗುಡ್ಡವನ್ನು ಕಡಿಮೆ ಉಸಿರಿನಲ್ಲಿ ಹತ್ತುತ್ತದೆ, ಕೊಳವೆ ಒಣಗುವುದೂ ಕಡಿಮೆಯಾಗುತ್ತದೆ.

ಶುರು ಮಾಡುವ ಕ್ರಮ ಮುಖ್ಯ. ಹತ್ತು ಹದಿನೈದು ನಿಮಿಷ ನಡಿಗೆ, ಮಧ್ಯೆ ಮಧ್ಯೆ ಅರ್ಧ ನಿಮಿಷದ ಜೋರು ಓಟ, ಮತ್ತೆ ನಡಿಗೆ. ಹೀಗೆ ಮಾಡಿದರೆ ಸುಮಾರು ಅರ್ಧದಷ್ಟು ಜನಕ್ಕೆ ಮುಂದಿನ ಒಂದರಿಂದ ಮೂರು ಗಂಟೆ ಕೊಳವೆ ಅಷ್ಟು ಸುಲಭಕ್ಕೆ ಬಿಗಿಯುವುದಿಲ್ಲ. ಡಬ್ಬದಲ್ಲಿದ್ದದ್ದು ಸ್ವಲ್ಪ ಚೆಲ್ಲಿ ಹೋಗಿರುತ್ತದೆ. ಚಳಿಯಲ್ಲಿ ಮೂಗು ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡರೆ ಬಿಡುವ ಉಸಿರಿನ ತೇವ ಬಟ್ಟೆಯಲ್ಲಿ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ನಮ್ಮಜ್ಜ ಮಫ್ಲರ್ ಸುತ್ತುತ್ತಿದ್ದದ್ದು ಚಳಿಗೆ ಮಾತ್ರ ಎಂದುಕೊಂಡಿದ್ದೆ. ಇಬ್ಬನಿ, ಹೊಗೆ ಇಳಿದ ಮೇಲೆ, ಎಂಟು ಗಂಟೆಗೆ ಓಡಿದರೂ ನಡೆಯುತ್ತದೆ. ನಿಲ್ಲಿಸುವಾಗಲೂ ಸಡನ್ನಾಗಿ ಕೂರದೆ ಐದು ಹತ್ತು ನಿಮಿಷ ನಡೆಯಬೇಕು. ಬಿಟ್ಟು ಬಿಟ್ಟು ಓಡುವ ಶಟಲ್, ವಾಲಿಬಾಲ್ ಉದ್ದ ಓಟಕ್ಕಿಂತ ಸುಲಭ.

ಅಲರ್ಜಿಯ ಕಡೆಯ ಕೆಲಸ ಮನೆಯಲ್ಲಿ. ಹಾಸಿಗೆ ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ಹಿಕ್ಕೆಯೂ ತೊಳೆದು ಹೋಗುತ್ತದೆ. ಬಿಸಿಲಿಗೆ ಹಾಕುವುದು ಒಳ್ಳೆಯದೇ, ಆದರೆ ಬಿಸಿಲು ನುಸಿಯನ್ನು ಕೊಂದರೂ ಹಿಕ್ಕೆ ಬಟ್ಟೆಯಲ್ಲೇ ಉಳಿಯುತ್ತದೆ. ಅಟ್ಟ, ಬಣವೆ, ದರಕಿನ ಕೆಲಸಕ್ಕೆ ಎನ್-95 ಮಾಸ್ಕ್ ಹಾಕಬೇಕು. ಸಾಧ್ಯವಾದರೆ ಬೇರೆಯವರಿಂದ ಮಾಡಿಸಬೇಕು. ಮಾಡಿದ ಮೇಲೆ ಎರಡು ಮೂರು ದಿನ ಗುಡ್ಡದ ಕಾರ್ಯಕ್ರಮ ಇಟ್ಟುಕೊಳ್ಳದಿರುವುದು ಲೇಸು. ನಾನಂತೂ ಈಗ ಚಾರಣದ ನಂತರದ ವಾರವೇ ಅಟ್ಟಕ್ಕೆ ಕೈ ಹಾಕುವುದು.

ಕಾಯಬಾರದ ಹೊತ್ತು

ಅಲರ್ಜಿ ಮತ್ತು ವ್ಯಾಯಾಮ ಸೇರಿ ತರುವ ಇನ್ನೊಂದು, ಬಹಳ ಅಪರೂಪದ ಕಾಯಿಲೆ ಇದೆ. ಅದು ಅಸ್ತಮಾ ಅಲ್ಲ. ಗೋಧಿ, ಸಿಗಡಿ ಮುಂತಾದ್ದನ್ನು ತಿಂದು ಕೆಲವು ಗಂಟೆಯೊಳಗೆ ಓಡಿದರೆ ಮೈಯೆಲ್ಲ ದದ್ದು, ತುಟಿ ಗಂಟಲು ಊತ, ವಾಂತಿ, ತಲೆ ತಿರುಗಿ ಬೀಳುವುದು. ತಿಂದು ಸುಮ್ಮನಿದ್ದರೆ ಏನೂ ಇಲ್ಲ, ಬರೀ ಓಡಿದರೂ ಏನೂ ಇಲ್ಲ, ಎರಡೂ ಸೇರಿದರೆ ಮಾತ್ರ. ಇದಕ್ಕೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಅದೂ ತಕ್ಷಣ. ಪಂಪ್ ನಂಬಿ ಕೂರುವಂತಿಲ್ಲ.

ಅಸ್ತಮಾದಲ್ಲೂ ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪ್ ತೆಗೆದುಕೊಂಡರೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಗುಡ್ಡದ ಮೇಲೆ ಆಂಬುಲೆನ್ಸ್ ಬರುವುದಿಲ್ಲ, ಎಷ್ಟೋ ಕಡೆ ನೆಟ್‌ವರ್ಕೂ ಇರುವುದಿಲ್ಲ. ಆದ್ದರಿಂದ ಜೊತೆಯವರಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು, ಪಂಪ್ ಅಂಗಿಯ ಜೇಬಿನಲ್ಲೇ ಇರಬೇಕು. ಕೊಡಚಾದ್ರಿಗೆ ಹೋದಾಗ ನಾನು ಅದನ್ನು ಜೀಪಿನ ಸೀಟಿನ ಮೇಲೆ ಬಿಟ್ಟಿದ್ದೆ. ನೆನಪಾದದ್ದು ಸರ್ವಜ್ಞ ಪೀಠ ಕಣ್ಣಿಗೆ ಬಿದ್ದ ಮೇಲೆ. ಅಲ್ಲಿಂದ ಹತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಇಳಿದೆ.